ಬಟ್ಟೆಗೆ ನಾಲ್ಕು ಸ್ಟಾರ್, ಪಾರ್ಕಿಂಗ್‌ಗೆ ಎರಡೂವರೆ

ಕಲಬುರಗಿಯಲ್ಲಿ ಬಾಗಿಲ ಹತ್ತಿರವೇ ಅಂಗವಿಕಲರ ಕಾರಿಗೆ ಅಂತ ಜಾಗ ಬಿಟ್ಟಿರುವ ಬಟ್ಟೆ ಅಂಗಡಿ ಸಿಗುವುದು ಕಷ್ಟ. ಈ ಅಂಗಡಿ ಬಿಟ್ಟಿದೆ. ಅದೊಂದೇ ಕಾರಣಕ್ಕೆ ನಮ್ಮ ಮನೆಯಲ್ಲಿ ಮದುವೆ ಇರಲಿ, ಹಬ್ಬ ಇರಲಿ, ಸೂಪರ್ ಮಾರ್ಕೆಟ್ ಪೇಟೆಯ ಗದ್ದಲಕ್ಕೆ ಹೋಗದೆ ಇಲ್ಲಿಗೇ ಬರುತ್ತೇವೆ. ಅಂಗಡಿ ಹೆಸರು ಹಾಕುತ್ತಿಲ್ಲ. ಹಾಕಿದರೆ ಮಾಲೀಕರು ಗೇಟಿನ ಹುಡುಗನನ್ನು ಕೆಲಸದಿಂದ ತೆಗೆದು ಸುಮ್ಮನಾಗಿಬಿಡುತ್ತಾರೆ, ನನ್ನ ದೂರು ಆ ಹುಡುಗನ ಮೇಲೆ ಅಲ್ಲವೇ ಅಲ್ಲ.

ಮೊದಲು ಬಟ್ಟೆ ವಿಷಯ ಮುಗಿಸಿಬಿಡೋಣ. ಇಳಕಲ್ ಸೀರೆ ಚೆನ್ನಾಗಿವೆ, ಬಣ್ಣ ಬಿಡಲಿಲ್ಲ. ಧೋತ್ರ, ಅಂಗಿ ಬಟ್ಟೆಗೆ ರೇಟು ಸ್ವಲ್ಪ ಜಾಸ್ತಿ. ಸೇಲ್ಸ್ ಹುಡುಗಿಯರು ಎಷ್ಟು ಸೀರೆ ಬಿಚ್ಚಿಸಿದರೂ ಮುಖ ಗಂಟು ಹಾಕಲ್ಲ. ಬಿಲ್ಲಿಂಗ್ ನಿಧಾನ. ಏಸಿ ಮಾತ್ರ ಜೋರಾಗಿದೆ, ನಮ್ಮೂರಿನ ಮೇ ತಿಂಗಳ ಬಿಸಿಲಿಗೆ ಏನೂ ಕೊಳ್ಳದೆ ಬರೇ ತಣ್ಣಗೆ ಕೂತು ಹೋಗುವವರೂ ಇದ್ದಾರೆ, ಯಾರೂ ಎಬ್ಬಿಸಲ್ಲ. ನಾಲ್ಕು ಸ್ಟಾರ್.

ಈಗ ಪಾರ್ಕಿಂಗ್.

ಮುಖ್ಯ ಬಾಗಿಲ ಎಡಕ್ಕೆ ಎರಡು ಕಾರಿನ ಜಾಗ. ನೆಲದ ಮೇಲೆ ಗಾಲಿಕುರ್ಚಿ ಚಿತ್ರ, ಪಕ್ಕದಲ್ಲಿ ಹಳದಿ ಅಡ್ಡಪಟ್ಟಿಗಳು. ದೊಡ್ಡ ಕಟ್ಟಡಗಳಿಗೆ ಸರ್ಕಾರದ ಮಾರ್ಗಸೂಚಿ ಹೇಳುವುದೂ ಕಡಿಮೆ ಅಂದರೆ ಎರಡು ಜಾಗ ಅಂತಲೇ. ಬಾಗಿಲಿನಿಂದ 30 ಮೀಟರ್ ಒಳಗೆ ಇರಬೇಕು, ಅಗಲ 3.6 ಮೀಟರ್ ಇರಬೇಕು. ಅಗಲ ಯಾಕೆ ಅಷ್ಟು ಅಂತ ಕೇಳುವವರು ಕೈಕಾಲು ಹಿಡಿತದಲ್ಲಿ ಇಲ್ಲದ ಒಬ್ಬರನ್ನು ಕಾರಿನಿಂದ ಇಳಿಸಿ ನೋಡಿ. ಬಾಗಿಲು ಅರ್ಧ ತೆಗೆದರೆ ಆಗಲ್ಲ, ಪೂರ್ತಿ ತೆಗೆಯಬೇಕು, ಇಳಿಸುವವರು ನಿಲ್ಲಲು ಜಾಗ ಬೇಕು, ವಾಕರ್ ಇದ್ದರೆ ಅದಕ್ಕೂ ಜಾಗ ಬೇಕು. ಟೇಪ್ ಹಿಡಿದು ಅಳೆದಿಲ್ಲ, ಆದರೆ ಇಲ್ಲಿ ಬಾಗಿಲು ಪೂರ್ತಿ ತೆಗೆದರೂ ಪಕ್ಕದ ಕಾರಿಗೆ ತಾಗಲ್ಲ. ಇದನ್ನು ಮಾಡಿಸಿದವರು ಯಾರೋ ತಿಳಿದು ಮಾಡಿಸಿದ್ದಾರೆ.

ಆ ಹಳದಿ ಪಟ್ಟಿಗಳ ಬಗ್ಗೆ ಒಂದು ಮಾತು. ಅವುಗಳಿಂದ ನಮ್ಮ ಅಪ್ಪನಿಗೆ ಆಗಿರುವ ಉಪಕಾರ ಅಂಗಡಿಯವರಿಗೂ ಗೊತ್ತಿರಲಿಕ್ಕಿಲ್ಲ. ಅಪ್ಪನಿಗೆ ಪಾರ್ಕಿನ್ಸನ್. ಜನಕ್ಕೆ ಪಾರ್ಕಿನ್ಸನ್ ಅಂದರೆ ಕೈ ನಡುಗುವುದು ಅಂತಷ್ಟೇ ಗೊತ್ತು. ಮಿದುಳಿನಲ್ಲಿ ಡೋಪಮೈನ್ ಅನ್ನೋ ರಾಸಾಯನಿಕ ಕಡಿಮೆಯಾಗುತ್ತಾ ಹೋಗುತ್ತೆ, ಅದಕ್ಕೆ ಲೆವೊಡೋಪಾ ಗುಳಿಗೆ ಕೊಡುತ್ತಾರೆ. ಗುಳಿಗೆ ಕೆಲಸ ಮಾಡುವ ಕೆಲವು ತಾಸು ಅಪ್ಪ ನಮ್ಮ ನಿಮ್ಮ ಹಾಗೆ ನಡೆಯುತ್ತಾರೆ. ಆಮೇಲೆ ಅದರ ಬಲ ಇಳಿಯುತ್ತೆ, ಬೇಸಿಗೆಯಲ್ಲಿ ಕರೆಂಟ್ ಬಂದು ಹೋದ ಹಾಗೆ. ಬಾಗಿಲ ಹತ್ತಿರ, ಇಕ್ಕಟ್ಟಿನಲ್ಲಿ, ತಿರುಗುವಾಗ ಕಾಲು ಕೀಳಲು ಆಗದೆ ಹಾಗೇ ನಿಂತುಬಿಡುತ್ತಾರೆ. ವಿಚಿತ್ರ ಏನಂದರೆ, ನೆಲದ ಮೇಲೆ ಅಡ್ಡ ಗೆರೆ ಇದ್ದರೆ ಅದನ್ನು ದಾಟುವ ನೆಪದಲ್ಲಿ ಕಾಲು ಎದ್ದುಬಿಡುತ್ತೆ. ಇದು ಎಷ್ಟೋ ಪಾರ್ಕಿನ್ಸನ್ ರೋಗಿಗಳಲ್ಲಿ ಕಾಣುವುದೇ, ವ್ಯಾಯಾಮ ಹೇಳಿಕೊಡುವವರು ಮನೆಯ ನೆಲಕ್ಕೂ ಟೇಪ್ ಅಂಟಿಸಿ ಅಂತ ಹೇಳುತ್ತಾರೆ. ಇಲ್ಲಿಯ ಪಟ್ಟಿಗಳ ಮೇಲೆ ಅಪ್ಪ ಒಂದೊಂದೇ ದಾಟುತ್ತಾ ಸರಾಗ ಬರುತ್ತಾರೆ, ಬಾಗಿಲ ಮುಂದಿನ ನುಣುಪು ಟೈಲ್ಸ್ ಶುರುವಾಯಿತು ಅಂದರೆ ನಿಲ್ಲುತ್ತಾರೆ. ಅಂಗಡಿಯವರೇ, ಟೈಲ್ಸ್ ಮೇಲೂ ನಾಲ್ಕು ಗೆರೆ ಎಳೆಸಿ.

ಜಾಗಕ್ಕೆ ಪೂರ್ತಿ ಮಾರ್ಕ್ಸ್ ಕೊಟ್ಟೆ. ಮಾರ್ಕ್ಸ್ ಕಡಿಮೆ ಆಗುವುದು ಆ ಜಾಗ ಯಾರಿಗೆ ಅನ್ನೋದರಲ್ಲಿ.

ನಾವು ಹೋಗುವುದು ಗುಳಿಗೆ ತಗೊಂಡ ಮೇಲೆ, ಅಪ್ಪ ಚೆನ್ನಾಗಿರುವ ಹೊತ್ತಿನಲ್ಲಿ. ಅಂದರೆ ಗೇಟಿನಲ್ಲಿ ನೋಡುವವರಿಗೆ ಅಪ್ಪ ಗಟ್ಟಿಮುಟ್ಟಾಗಿ ಕಾಣುವ ಹೊತ್ತಿನಲ್ಲೇ. ಸೆಕ್ಯೂರಿಟಿ ಹುಡುಗ ಓಡಿ ಬಂದ.

"ಮೇಡಂ, ಇಲ್ಲಿ ಹಚ್ಚಬ್ಯಾಡ್ರಿ. ಇದು ಹ್ಯಾಂಡಿಕ್ಯಾಪ್ ಮಂದಿಗಿ."

"ಅವರಿಗೇ ತಂದೀನಪ್ಪ. ಕಾರ್ಡ್ ಅದ."

ಅವನು ಕಾರ್ಡ್ ನೋಡಲಿಲ್ಲ. ಅಪ್ಪನ ಕಾಲು ನೋಡಿದ. "ನಡೀತಾರಲ್ರಿ?" ಅಂದ. ಅಷ್ಟರಲ್ಲಿ ಚೀಲ ಹಿಡಿದು ಹೊರಗೆ ಬರುತ್ತಿದ್ದ ಒಬ್ಬ ಹೆಂಗಸು, ನಮಗೆ ಕೇಳಲಿ ಅಂತಲೇ, "ಚಂದ ನಡಿಲಾಕತ್ತಾರ, ಬರೇ ಕಾರ್ಡ್ ಮಾಡಿಸ್ಕೊಂಡಾರ" ಅಂದರು. ಅಪ್ಪ ಆಳಂದ ತಾಲ್ಲೂಕಿನಲ್ಲಿ ಮಾಸ್ತರ್ ಆಗಿದ್ದವರು, ಮಾತು ಇನ್ನೂ ಹಾಗೇ ಇದೆ. "ಹೌದವಾ, ಮುಂಜಾನಿ ಗುಳಿಗಿ ನುಂಗೀನಿ. ಎರಡ್ ತಾಸ್ ಇಲ್ಲೇ ಕೂಡು, ಆಮ್ಯಾಲ ಹ್ಯಾಂಗ್ ನಡೀತೀನಿ ನೋಡುವಂತಿ" ಅಂದರು. ಆ ಹೆಂಗಸು ಕೂಡಲಿಲ್ಲ.

ನಗು ಬಂತು ನಿಜ. ಆದರೆ ಪ್ರತಿ ಸಲ ಗೇಟಿನಲ್ಲಿ ಒಬ್ಬ ಹಿರಿಯರು ತಮ್ಮ ರೋಗವನ್ನು ನಿಂತವರಿಗೆಲ್ಲ ವಿವರಿಸಬೇಕು ಅಂದರೆ ಯಾಕೆ? ಕೊನೆಗೆ ಅವರು ಮನೆಯಿಂದ ಹೊರಗೆ ಬರುವುದನ್ನೇ ಬಿಡುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಯ ವೈಕಲ್ಯ ಇವೆ. 1995ರ ಹಳೇ ಕಾಯ್ದೆಯಲ್ಲಿ ಏಳೇ ಇದ್ದವು. ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್, ಹಿಮೋಫೀಲಿಯಾ, ಸಿಕಲ್ ಸೆಲ್, ಥಲಸ್ಸೀಮಿಯಾ ಎಲ್ಲ ಹೊಸದಾಗಿ ಸೇರಿದವು. ಇವುಗಳಲ್ಲಿ ಎಷ್ಟೋ ಹೊರಗೆ ಕಾಣುವುದೇ ಇಲ್ಲ. ಕಾನೂನು ಬದಲಾಗಿ ಇಷ್ಟು ವರ್ಷ ಆಯಿತು, ಗೇಟಿನಲ್ಲಿ ಇನ್ನೂ ಕಾಲು ನೋಡುತ್ತಿದ್ದಾರೆ.

ಆ ಚಿತ್ರದ ಪಾಲೂ ಇದರಲ್ಲಿದೆ ಅನ್ನಿಸುತ್ತೆ. ಗಾಲಿಕುರ್ಚಿ ಚಿತ್ರ ನೋಡಿದವರು ಗಾಲಿಕುರ್ಚಿಯನ್ನೇ ಹುಡುಕುತ್ತಾರೆ. 1968ರಲ್ಲಿ ಸುಸಾನ್ ಕೋಫೋಡ್ ಅನ್ನುವ ಡೆನ್ಮಾರ್ಕಿನ ವಿದ್ಯಾರ್ಥಿನಿ ಅದನ್ನು ಬಿಡಿಸಿದಾಗ ಬರೇ ಕುರ್ಚಿ ಇತ್ತು, ಕುಳಿತವರಿಗೆ ತಲೆ ಇರಲಿಲ್ಲ. ಆಮೇಲೆ ಬೇರೆಯವರು ತಲೆ ಸೇರಿಸಿದರು. ಈ ಅಂಗಡಿ ಮುಂದೆ ಟೈರ್ ಉಜ್ಜಿ ಉಜ್ಜಿ ಆ ತಲೆ ಮತ್ತೆ ಹೋಗಿದೆ. ಪೇಂಟ್ ಹಾಕಿಸುವಾಗ ಹತ್ತಿರ ಒಂದು ಬೋರ್ಡೂ ಹಾಕಿಸಿ, "ಎಲ್ಲ ವೈಕಲ್ಯವೂ ಕಣ್ಣಿಗೆ ಕಾಣುವುದಿಲ್ಲ" ಅಂತ ಕನ್ನಡದಲ್ಲಿ, ಉರ್ದುವಿನಲ್ಲಿ. ಖರ್ಚು ದೊಡ್ಡದಲ್ಲ.

ಇಲ್ಲಿಗೆ ಮುಗಿಸಿದ್ದರೆ ಬರೇ ನಮ್ಮ ಗೋಳು ಆಗುತ್ತಿತ್ತು. ಆದರೆ ಆ ಹುಡುಗನ ಕಡೆಯಿಂದಲೂ ನೋಡಬೇಕು. ಅವನು ಅನುಮಾನ ಪಡುವುದಕ್ಕೆ ಕಾರಣ ಇದೆ.

ನಾವು ಬಿಲ್ ಮಾಡಿಸಿ ಹೊರಗೆ ಬರುವಾಗ ಪಕ್ಕದ ಜಾಗಕ್ಕೆ ಒಂದು ದೊಡ್ಡ ಬಿಳಿ ಗಾಡಿ ಬಂತು. ಹಿಂದಿನ ಗಾಜಿಗೆ ಗಾಲಿಕುರ್ಚಿ ಸ್ಟಿಕರ್. ಇಳಿದವರು ಇಬ್ಬರು ಹುಡುಗರು, ಒಬ್ಬ ಅಂತೂ ಮೆಟ್ಟಿಲು ಎರಡೆರಡು ಹಾರಿ ಹೋದ. ಸೆಕ್ಯೂರಿಟಿ ಕೇಳಿದರೆ, "ನಮ್ಮ ಮುತ್ಯಾಂದು ಕಾರ್ಡ್ ಅದ." ಮುತ್ಯಾ ಎಲ್ಲಿ? "ಊರಾಗ ಅದಾರ. ಅವರಿಗೇ ಧೋತ್ರ ತಗೊಳ್ಳಾಕ ಬಂದೀವಿ." ಪಾಪ, ಮುತ್ಯಾನ ಮೇಲೆ ಎಷ್ಟು ಪ್ರೀತಿ!

ಸ್ಟಿಕರ್ ಅಂತೂ ಯಾವ ಕಾರ್ ಸಾಮಾನಿನ ಅಂಗಡಿಯಲ್ಲೂ ಸಿಗುತ್ತೆ, ಅದು ಯಾವ ಪರ್ಮಿಟ್ಟೂ ಅಲ್ಲ. ನಮ್ಮ ದೇಶದಲ್ಲಿ ಪಾರ್ಕಿಂಗ್‌ಗೆ ಅಂತಲೇ ಎಲ್ಲ ಕಡೆ ನಡೆಯುವ ಬೇರೆ ಪರ್ಮಿಟ್ ಇಲ್ಲ, ಇರುವುದು ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಕಾರ್ಡ್. ಇಂಗ್ಲೆಂಡಿನಲ್ಲಿ ಬ್ಲೂ ಬ್ಯಾಡ್ಜ್ ಅಂತ ಇದೆ. ಅದು ಕಾರಿಗಲ್ಲ, ವ್ಯಕ್ತಿಗೆ. ಹಿಂದೆ ಅವರ ಫೋಟೋ ಇರುತ್ತೆ. ಆ ವ್ಯಕ್ತಿ ಗಾಡಿಯಲ್ಲಿ ಇದ್ದರೆ, ಇಲ್ಲವೇ ಅವರನ್ನು ಇಳಿಸಲು, ಹತ್ತಿಸಿಕೊಳ್ಳಲು ಬಂದಿದ್ದರೆ ಮಾತ್ರ ನಡೆಯುತ್ತೆ. ಮುತ್ಯಾನಿಗೆ ಧೋತ್ರ ತರಲು ಹೋದರೆ ನಡೆಯಲ್ಲ, ಸಾವಿರ ಪೌಂಡ್‌ವರೆಗೆ ದಂಡ. ಅಲ್ಲಿಯೂ ಯಾರು ಅರ್ಹರು ಅನ್ನುವ ಜಗಳ ಇದ್ದೇ ಇದೆ. 2019ರ ಆಗಸ್ಟ್‌ನಲ್ಲಿ ಕಣ್ಣಿಗೆ ಕಾಣದ ವೈಕಲ್ಯ ಇರುವವರಿಗೂ ಬ್ಯಾಡ್ಜ್ ಸಿಗುವ ಹಾಗೆ ನಿಯಮ ಬದಲಿಸಿದರು. ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಅಳತೆ ಇನ್ನೊಂದು, ನಡುವೆ ನಿಂತು ಸುಧಾರಿಸಿಕೊಳ್ಳದೆ 200 ಅಡಿ ನಡೆಯಲು ಆಗಲ್ಲ ಅಂದರೆ ಪರ್ಮಿಟ್.

ಈ 200 ಅಡಿ ಲೆಕ್ಕ ನನಗೆ ಸರಿ ಅನ್ನಿಸಿತು, ಯಾಕೆಂದರೆ ನಮ್ಮ ಕಾರ್ಡ್ ಹೇಳುವುದು ವೈಕಲ್ಯ ಎಷ್ಟು ಅಂತ, ನಡೆಯುವುದು ಎಷ್ಟು ಕಷ್ಟ ಅಂತ ಅಲ್ಲ. ಶೇ 40ಕ್ಕಿಂತ ಕಡಿಮೆ ಇದ್ದರೆ ಬಿಳಿ ಪಟ್ಟಿ, 40ರಿಂದ 80ರ ಒಳಗೆ ಹಳದಿ, 80 ಮತ್ತು ಅದಕ್ಕಿಂತ ಜಾಸ್ತಿ ಇದ್ದರೆ ನೀಲಿ. ಅಪ್ಪನದು ಹಳದಿ. ನಮ್ಮ ಓಣಿಯಲ್ಲಿ ಕಿವಿ ಕೇಳದ ಒಬ್ಬ ಹುಡುಗ ಇದ್ದಾನೆ, ಅವನದು ನೀಲಿ. ಅವನು ಇದೇ ಅಂಗಡಿಗೆ ಬಂದರೆ ಬೈಕ್ ಬೇಸ್‌ಮೆಂಟಿನಲ್ಲಿ ಹಚ್ಚಿ ಮೆಟ್ಟಿಲು ಹತ್ತಿ ಬರುತ್ತಾನೆ. ಬಾಗಿಲ ಹತ್ತಿರದ ಜಾಗ ಅವನಿಗೆ ಬೇಡ. ಅವನಿಗೆ ಬೇಕಾದ್ದು ಬಿಲ್ಲಿಂಗ್ ಕೌಂಟರಿನಲ್ಲಿ ಮೊತ್ತ ಕಾಣುವ ಹಾಗೆ ಸ್ಕ್ರೀನ್ ತಿರುಗಿಸಿ ಇಡುವುದು. ಅದನ್ನು ಈ ಅಂಗಡಿಯವರು ಮಾಡಿಲ್ಲ, ಸ್ಕ್ರೀನ್ ಕ್ಯಾಷಿಯರ್ ಕಡೆಗೇ ಇದೆ. ಹಾಗಾಗಿ ಪಟ್ಟಿಯ ಬಣ್ಣ ನೋಡಿ ನೀಲಿಯವರು ಮೊದಲು, ಹಳದಿಯವರು ಆಮೇಲೆ ಅಂತ ಗೇಟಿನಲ್ಲಿ ತೀರ್ಮಾನ ಮಾಡಿದರೆ ಅದೂ ತಪ್ಪಾಗುತ್ತೆ.

ಹಾಗಾದರೆ ಸೆಕ್ಯೂರಿಟಿ ಹುಡುಗ ಏನು ಮಾಡಬೇಕು? ನನ್ನ ಪ್ರಕಾರ ಬಸ್ ಕಂಡಕ್ಟರ್ ಮಾಡುವುದನ್ನೇ ಮಾಡಬೇಕು. ನಮ್ಮ ಕಲ್ಯಾಣ ಕರ್ನಾಟಕ ಸಾರಿಗೆ ಬಸ್ಸಿನಲ್ಲಿ ಅಂಗವಿಕಲರ ಪಾಸ್ ತೋರಿಸಿದರೆ ಕಂಡಕ್ಟರ್ ಪಾಸ್ ನೋಡುತ್ತಾರೆ, ಮುಖ ನೋಡುತ್ತಾರೆ, ಮುಂದೆ ಹೋಗುತ್ತಾರೆ. ನಿನ್ನ ಕಾಲಿಗೆ ಏನಾಗಿದೆ ತೋರಿಸು ಅನ್ನಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರು ಆಧಾರ್ ತೋರಿಸಿ ಓಡಾಡುತ್ತಿದ್ದೇವೆ, ನಿಮ್ಮ ಮನೆಯಲ್ಲಿ ಕಾರ್ ಇದೆಯಾ ಅಂತ ಯಾರಾದರೂ ಕೇಳುತ್ತಾರಾ? ಇಲ್ಲೂ ಅಷ್ಟೇ ಸಾಕು. ಕಾರ್ಡ್ ಇದೆಯಾ, ಕಾರ್ಡಿನವರು ಗಾಡಿಯಲ್ಲಿ ಇದ್ದಾರಾ. ಎರಡಕ್ಕೂ ಹೌದು ಅಂದರೆ ಬಿಡಿ. ಮುತ್ಯಾ ಊರಾಗ ಇದ್ದರೆ ಬೇಸ್‌ಮೆಂಟ್ ತೋರಿಸಿ. ಕಿವಿ ಕೇಳದವರು ಬಂದು ಹಚ್ಚಿದರೆ ಏನು ಅಂತ ಕೇಳಬಹುದು. ಹಚ್ಚಲಿ ಬಿಡಿ. ಹತ್ತು ಜನರಲ್ಲಿ ಒಬ್ಬರು ಬೇಕಿಲ್ಲದೆ ಹಚ್ಚಿದರು ಅಂತ ಉಳಿದ ಒಂಬತ್ತು ಜನರಿಗೆ ಗೇಟಿನಲ್ಲಿ ವಿಚಾರಣೆ ಮಾಡುವುದು ಬೇಡ.

ಇನ್ನು, "ಬಾಗಿಲಲ್ಲಿ ಅವರನ್ನ ಇಳಿಸಿ ಕಾರ್ ಬೇರೆ ಕಡೆ ಹಚ್ಚಿ ಬರ್ರಿ" ಅಂತ ಬುದ್ಧಿ ಹೇಳುವವರು ತುಂಬಾ ಜನ. ಜೊತೆಗೆ ಇಬ್ಬರು ಬಂದಿದ್ದರೆ ಸರಿ. ನಾನು ಒಬ್ಬಳೇ ಬಂದಾಗ? ಅಪ್ಪನನ್ನು ಉರಿಬಿಸಿಲಲ್ಲಿ ನಿಲ್ಲಿಸಿ, ಬೇಸ್‌ಮೆಂಟಿಗೆ ಇಳಿದು, ಜಾಗ ಹುಡುಕಿ, ವಾಪಸ್ ಹತ್ತಿ ಬರುವಷ್ಟರಲ್ಲಿ ಅವರ ಕಾಲು ನಿಂತುಹೋಗಿರುತ್ತೆ, ಇಲ್ಲಾ ಯಾರೋ ತಳ್ಳಿರುತ್ತಾರೆ. ಹೀಗೆ ಹೇಳುವವರದು ಕೆಟ್ಟ ಮನಸ್ಸು ಅಲ್ಲ. ಇದೇ ಮಂದಿ ಶರಣಬಸವೇಶ್ವರ ಗುಡಿಯಲ್ಲಿ ಅಪ್ಪನ ಕೈ ನಡುಗುವುದು ಕಂಡರೆ, ಯಾವ ಕಾರ್ಡೂ ಕೇಳದೆ ತಾವಾಗಿ ಸರಿದು ದಾರಿ ಬಿಡುತ್ತಾರೆ, ಎಷ್ಟೋ ಸಲ ಕೈ ಹಿಡಿದು ಕರಕೊಂಡು ಹೋಗಿದ್ದಾರೆ. ಕಾರ್ ಹಚ್ಚುವ ಜಾಗ ಅಂದಾಗ ಮಾತ್ರ ಎಲ್ಲರೂ ಡಾಕ್ಟರ್ ಆಗಿಬಿಡುತ್ತಾರೆ, ಯಾಕೋ.

ನನ್ನ ದೊಡ್ಡ ದೂರು ಮಾತ್ರ ಬೇರೆ. ನಾವು ಅಲ್ಲಿದ್ದಾಗಲೇ ಪಕ್ಕಕ್ಕೆ ಚಕ್ರ ಕೂಡಿಸಿದ ಸ್ಕೂಟಿಯಲ್ಲಿ ಒಬ್ಬರು ಬಂದರು. ಎರಡೂ ಕಾಲಿಗೆ ಪೋಲಿಯೊ, ಊರುಗೋಲನ್ನು ಸ್ಕೂಟಿಗೇ ಕಟ್ಟಿಕೊಂಡಿದ್ದರು. ಅವರನ್ನು ನೋಡಿ ಯಾರಿಗೂ ಅನುಮಾನ ಬರುವ ಹಾಗಿಲ್ಲ. ಆದರೂ ಹುಡುಗ ತಡೆದ. ಯಾಕೆ? "ಇದು ಕಾರಿಗಷ್ಟೇ ಅದರೀ. ಟೂ ವೀಲರ್ ಕೆಳಗ." ಕೆಳಗೆ ಅಂದರೆ ಬೇಸ್‌ಮೆಂಟ್. ಅಲ್ಲಿಗೆ ಇಳಿಯುವ ರ‍್ಯಾಂಪ್ ಕಡಿದು, ಮೇಲೆ ಬರಲು ಇರುವುದು ಮೆಟ್ಟಿಲು, ಲಿಫ್ಟ್ ಬೇಸ್‌ಮೆಂಟಿಗೆ ಇಳಿಯಲ್ಲ. ಆ ಸ್ಕೂಟಿಯೋ ನಾಲ್ಕು ಚಕ್ರದ ಮೇಲೆ ನಿಂತಿರುತ್ತೆ, ಸಾಲಿನಲ್ಲಿ ಎರಡು ಬೈಕಿನ ಜಾಗ ಬೇಕು. ಅವರು ಏನೂ ಜಗಳ ಆಡಲಿಲ್ಲ, ಅಭ್ಯಾಸ ಆಗಿದೆ ಅನ್ನೋ ಹಾಗೆ ಗಾಡಿ ತಿರುಗಿಸಿದರು.

ಸ್ವಲ್ಪ ಯೋಚನೆ ಮಾಡಿ. ನಮ್ಮ ಜಿಲ್ಲೆಯಲ್ಲಿ ಕಾರ್ ಇಟ್ಟುಕೊಂಡಿರುವ ಅಂಗವಿಕಲರು ಎಷ್ಟು ಜನ ಕಾಣುತ್ತಾರೆ, ಇಂಥ ಸ್ಕೂಟಿಯಲ್ಲಿ ಓಡಾಡುವವರು ಎಷ್ಟು ಜನ? ಸರ್ಕಾರವೇ ಅರ್ಹರಿಗೆ ಯಂತ್ರಚಾಲಿತ ವಾಹನ ಅಂತ ಇವನ್ನು ಹಂಚುತ್ತೆ. ಗಾಡಿ ಕೊಟ್ಟ ಮೇಲೆ ಅದನ್ನು ನಿಲ್ಲಿಸಲು ಜಾಗ ಬೇಡವಾ? ಕಾರಿನ ಒಂದು ಜಾಗದಲ್ಲಿ ಇಂಥವು ಎರಡಾದರೂ ಆರಾಮಾಗಿ ನಿಲ್ಲುತ್ತವೆ. ಕಾರಲ್ಲಿ ಬಂದ ನಾವು ಕಾರ್ಡ್ ತೋರಿಸಿ ವಾದ ಮಾಡಿ ಜಾಗ ಗಿಟ್ಟಿಸುತ್ತೇವೆ, ಸ್ಕೂಟಿಯವರು ವಾದದ ಒಳಗೇ ಬರಲ್ಲ. ಯಾರು ಅರ್ಹರು ಅಂತ ನಾವು ನಾವೇ ಕಚ್ಚಾಡುವಾಗ ಇದು ಯಾರ ತಲೆಗೂ ಹೊಳೆಯಲ್ಲ. ಆವತ್ತು ಅಪ್ಪ, "ನಮ್ಮ ಗಾಡಿ ತಗೀ, ಅವರು ಹಚ್ಚಲಿ" ಅಂದರು. ನಮ್ಮದು ಹೇಗೂ ಬಿಲ್ ಆಗಿತ್ತು, ತೆಗೆದೆವು. ಹುಡುಗ ನಮ್ಮನ್ನೂ ಅವರನ್ನೂ ನೋಡಿ ಸುಮ್ಮನಾದ. ಮುತ್ಯಾನ ಬಿಳಿ ಗಾಡಿ ಅಲ್ಲೇ ಇತ್ತು.

ಮತ್ತೊಂದು ಸಲ ಮ್ಯಾನೇಜರ್ ಹತ್ತಿರ ಮಾತಾಡಿದೆ. ಮನುಷ್ಯ ಒಳ್ಳೆಯವರು, ಕೂಡಿಸಿ ಚಹಾ ತರಿಸಿದರು. "ಒಬ್ಬರಿಗೆ ಬಿಟ್ಟರ ಎಲ್ಲಾರೂ ಕೇಳ್ತಾರ್ರಿ ಅಕ್ಕಾರ. ಬಸುರಿ ಹೆಣ್ಮಕ್ಕಳು ಕೇಳ್ತಾರ, ವಯಸ್ಸಾದವ್ರು ಕೇಳ್ತಾರ, ಮೊಣಕಾಲ ಆಪರೇಷನ್ ಆದವ್ರು ಕೇಳ್ತಾರ. ನಾವು ಯಾರಿಗಿ ಇಲ್ಲ ಅನ್ನೋಣ?" ಅಂದರು. ಮಾತು ಸುಳ್ಳಲ್ಲ. ಎಂಟು ತಿಂಗಳ ಬಸುರಿಗೆ ಕಾರ್ಡ್ ಇರಲ್ಲ, ಕಷ್ಟ ಇರುತ್ತೆ. ಕಾಲು ಮುರಿದು ಪ್ಲಾಸ್ಟರ್ ಹಾಕಿಕೊಂಡವರಿಗೂ ಅಷ್ಟೇ. ಆದರೆ ಅದಕ್ಕೆ ಉತ್ತರ ಈ ಎರಡು ಜಾಗದಲ್ಲೇ ಎಲ್ಲರನ್ನೂ ತುರುಕುವುದಾ? ಅದರ ಪಕ್ಕದ ಮೂರು ಜಾಗ ಯಾರದು ಅಂತ ಕೇಳಿದೆ. ಒಂದು ಮಾಲೀಕರ ಕಾರಿಗೆ, ಇನ್ನೆರಡರಲ್ಲಿ ಆಫರ್ ಬ್ಯಾನರಿನ ಕಮಾನು ಮತ್ತು ಬೊಂಬೆಗಳು. ಬೊಂಬೆಗಳಿಗೆ ನಡೆಯಲು ಆಗಲ್ಲ, ಒಪ್ಪಿದೆ. ಆದರೆ ಅವಕ್ಕೆ ಕಾರ್ಡ್ ಇದೆಯಾ? ಮ್ಯಾನೇಜರ್ ನಕ್ಕರು, ಮಾಲೀಕರಿಗೆ ಹೇಳುತ್ತೇನೆ ಅಂದರು. ಇದನ್ನು ಬರೆಯುವ ಹೊತ್ತಿಗೆ ಕಮಾನು ಅಲ್ಲೇ ಇದೆ, ಆಫರ್ ಬದಲಾಗಿದೆ.

ಅವರಿಗೆ ಕಾನೂನಿನ ಎರಡು ಮಾತೂ ಹೇಳಿ ಬಂದೆ, ಇಲ್ಲೂ ಹೇಳುತ್ತೇನೆ. ಅದೇ 2016ರ ಕಾಯ್ದೆಯ 91ನೇ ಕಲಂ ಪ್ರಕಾರ, ಶೇ 40 ಮತ್ತು ಅದಕ್ಕಿಂತ ಜಾಸ್ತಿ ವೈಕಲ್ಯ ಇರುವವರಿಗೆ ಅಂತ ಇರುವ ಸೌಲಭ್ಯವನ್ನು ಮೋಸದಿಂದ ಪಡೆದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಇದು ಗೊತ್ತಿರುವವರೇ ಕಡಿಮೆ. 92ನೇ ಕಲಂ ಇನ್ನೂ ಕಡಿಮೆ ಜನಕ್ಕೆ ಗೊತ್ತು. ಅಂಗವಿಕಲರನ್ನು ನಾಲ್ಕು ಜನರ ಎದುರು ಬೇಕಂತಲೇ ಅವಮಾನ ಮಾಡಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು, ಮೇಲೆ ದಂಡ. ಆ ಚೀಲದ ಹೆಂಗಸನ್ನು ಯಾರೂ ಜೈಲಿಗೆ ಹಾಕಬೇಕಿಲ್ಲ. ಸುಳ್ಳು ಹೇಳಿ ಜಾಗ ಹಿಡಿಯುವವರ ಶಿಕ್ಷೆಗಿಂತ, ನಿಜವಾಗಿ ವೈಕಲ್ಯ ಇದ್ದವರನ್ನು ಸುಳ್ಳರು ಅಂತ ಹೀಯಾಳಿಸುವವರ ಶಿಕ್ಷೆಯನ್ನು ಕಾನೂನು ಜಾಸ್ತಿ ಇಟ್ಟಿದೆ ಅನ್ನೋದು ನನಗೆ ಇಷ್ಟ ಆಯಿತು, ಅಷ್ಟೇ.

ಎರಡೂವರೆ ಹೇಗೆ ಬಂತು ಅಂದರೆ, ಜಾಗ ಬಿಟ್ಟಿದ್ದಕ್ಕೆ ಒಂದು, ಅಗಲ ಮತ್ತು ಪಟ್ಟಿಗಳಿಗೆ ಒಂದು, ಮ್ಯಾನೇಜರ್ ಕೂಡಿಸಿ ಕೇಳಿದ್ದಕ್ಕೆ ಅರ್ಧ. ಚಹಾಕ್ಕೆ ಬೇರೆ ಮಾರ್ಕ್ಸ್ ಇಲ್ಲ. ಸ್ಕೂಟಿಯವರಿಗೆ ಮೇಲೆ ಜಾಗ ಕೊಟ್ಟ ದಿನ ನಾನೇ ಬಂದು ಮೂರೂವರೆ ಮಾಡುತ್ತೇನೆ.

ನಿಮ್ಮ ಮನೆಯಲ್ಲೂ ಇಂಥವರು ಇದ್ದು ಇಲ್ಲಿಗೆ ಹೋಗುವುದಾದರೆ, ವಾರದ ನಡುವೆ ಅಂಗಡಿ ತೆರೆದ ಹೊತ್ತಿಗೇ ಹೋಗಿ, ಭಾನುವಾರ ಸಂಜೆ ಆ ಕಡೆ ತಲೆ ಹಾಕಬೇಡಿ. ಕಾರ್ಡನ್ನು ಪರ್ಸಿನಲ್ಲಿ ಹುಡುಕುತ್ತಾ ಕೂರುವ ಬದಲು ಮೊದಲೇ ಕೈಯಲ್ಲಿ ಹಿಡಿದಿರಿ. ಧೋತ್ರ ಮೊದಲನೇ ಮಹಡಿ, ಸೀರೆ ಎರಡನೇದು. ಲಿಫ್ಟ್ ಚಿಕ್ಕದು, ಬಾಗಿಲು ಬೇಗ ಮುಚ್ಚಿಕೊಳ್ಳುತ್ತೆ, ಒಬ್ಬರು ಹೊರಗೆ ನಿಂತು ಗುಂಡಿ ಒತ್ತಿ ಹಿಡಿಯಬೇಕು.